ಕಾಣದ ಬೆಳಕಿನ ಅನ್ವೇಷಕ

ಕೊಲ್ಕತ್ತ ನಗರದ ಆಚಾರ್ಯ ಪ್ರಫುಲ್ಲಚಂದ್ರ ರಸ್ತೆಯಲ್ಲಿ ಬಸು ವಿಜ್ಞಾನ ಮಂದಿರವೆಂಬ ಸಂಶೋಧನ ಸಂಸ್ಥೆಯ ಹಳೆಯ ಕಟ್ಟಡವಿದೆ. ಅಲ್ಲಿ ಒಂದು ಚಿಕ್ಕ ವಸ್ತುಸಂಗ್ರಹಾಲಯವುಂಟು. ರಾಜರ ಒಡವೆಗಳಾಗಲಿ, ಪುರಾತನ ಶಿಲ್ಪಗಳಾಗಲಿ ಅಲ್ಲಿಲ್ಲ. ಅಲ್ಲಿರುವುದು ಹಿತ್ತಾಳೆಯ ಗಿಡ್ಡ ಕೊಳವೆಗಳು, ಸುರುಳಿ ಸುತ್ತಿದ ಉಕ್ಕಿನ ತಂತಿಗಳು, ಸಣ್ಣ ತಿರುಪುಗಳು, ಇವುಗಳನ್ನೆಲ್ಲ ಹೊತ್ತ ಪೀಠಗಳು. ಅವಸರದಿಂದ ನೋಡಿದವರಿಗೆ ಯಾರೋ ಗಡಿಯಾರ ದುರಸ್ತಿ ಮಾಡುವವನ ಅಂಗಡಿಯ ನೆನಪಾದರೆ ಆಶ್ಚರ್ಯವಿಲ್ಲ. ಆದರೆ ತಂತಿಯ ನೆರವಿಲ್ಲದೆ ಸುದ್ದಿಯನ್ನು ದೂರಕ್ಕೆ ಸಾಗಿಸುವ ವಿದ್ಯೆಯ ಇತಿಹಾಸವನ್ನು ಬರೆಯುವವರು ಈ ಕೊಳವೆಗಳನ್ನು ಬಿಟ್ಟು ಮುಂದಕ್ಕೆ ಹೋಗಲಾರರು. ಇವುಗಳನ್ನು ರೂಪಿಸಿದವರು ಆಚಾರ್ಯ ಜಗದೀಶಚಂದ್ರ ಬೋಸ್.

ಜಗದೀಶಚಂದ್ರರು 1858ನೆಯ ಇಸವಿ ನವೆಂಬರ್ 30ರಂದು ಪೂರ್ವ ಬಂಗಾಳದಲ್ಲಿ ಜನಿಸಿದರು. ಆ ಪ್ರದೇಶವು ಇಂದು ಬಾಂಗ್ಲಾದೇಶಕ್ಕೆ ಸೇರಿದೆ. ತಂದೆ ಭಗವಾನ್‌ಚಂದ್ರ ಬೋಸರು ಸರ್ಕಾರದಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟರಾಗಿದ್ದರು. ಆ ಪದವಿಯಲ್ಲಿದ್ದವರು ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳುಹಿಸುವುದು ಆಗಿನ ವಾಡಿಕೆ. ಭಗವಾನ್‌ಚಂದ್ರರು ಹಾಗೆ ಮಾಡಲಿಲ್ಲ. ಮಗನು ಮೊದಲು ತಾಯ್ನುಡಿಯನ್ನು ಕಲಿಯಬೇಕು, ತನ್ನ ಜನರನ್ನು ಅರಿಯಬೇಕು ಎಂಬುದು ಅವರ ಅಭಿಪ್ರಾಯವಾಗಿದ್ದಿತು. ಆದುದರಿಂದ ಬಾಲಕನು ಬಂಗಾಳಿ ಪಾಠಶಾಲೆಯನ್ನು ಸೇರಿದನು. ಅಲ್ಲಿ ಅವನ ಒಂದು ಪಕ್ಕದಲ್ಲಿ ತಂದೆಯ ಮುಸಲ್ಮಾನ ಸೇವಕನ ಮಗನೂ, ಮತ್ತೊಂದು ಪಕ್ಕದಲ್ಲಿ ಬೆಸ್ತರ ಹುಡುಗನೂ ಕುಳಿತಿರುತ್ತಿದ್ದರು. ನೀರಿನಲ್ಲಿ ವಾಸಿಸುವ ಜೀವಿಗಳ ಬಗೆಗೆ, ಹಕ್ಕಿಪಕ್ಷಿಗಳ ಬಗೆಗೆ ಆ ಗೆಳೆಯರು ಹೇಳುತ್ತಿದ್ದ ಕಥೆಗಳನ್ನು ಅವನು ಬೆರಗಿನಿಂದ ಕೇಳುತ್ತಿದ್ದನು. ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಒಯ್ಯುತ್ತಿದ್ದವನು ಹಿಂದೆ ದರೋಡೆಕೋರನಾಗಿದ್ದು ಸೆರೆವಾಸವನ್ನು ಮುಗಿಸಿ ಬಂದವನು. ಅವನಿಗೆ ಸೆರೆವಾಸದ ಶಿಕ್ಷೆ ವಿಧಿಸಿದವರು ಭಗವಾನ್‌ಚಂದ್ರರೇ. ಬಿಡುಗಡೆಯಾದ ಬಳಿಕ ಮನೆಯಲ್ಲಿ ಕೆಲಸ ಕೊಟ್ಟು, ಮಗನನ್ನು ಅವನ ಕೈಗೆ ಒಪ್ಪಿಸಿದವರೂ ಅವರೇ. ಇಂತಹ ತಂದೆಯ ಮಗನ ಮನಸ್ಸಿನಲ್ಲಿ ಮೇಲು ಕೀಳೆಂಬ ಭಾವನೆಯು ಬೇರೂರಲು ಎಡೆಯಿರಲಿಲ್ಲ.

ಮುಂದೆ ಜಗದೀಶಚಂದ್ರರು ಕಲ್ಕತ್ತೆಯ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿ 1879ರಲ್ಲಿ ಪದವೀಧರರಾದರು. ಅಲ್ಲಿನ ಗುರುಗಳಾದ ಫಾದರ್ ಲಾಫೋಂ ಅವರು ಪ್ರಯೋಗಗಳನ್ನು ಕಣ್ಣಮುಂದೆ ಮಾಡಿ ತೋರಿಸಿ ಭೌತವಿಜ್ಞಾನವನ್ನು ಬೋಧಿಸುವುದರಲ್ಲಿ ಹೆಸರುವಾಸಿಯಾಗಿದ್ದರು. ಶಿಷ್ಯನಿಗೆ ಈ ವಿದ್ಯೆಯ ರುಚಿ ಹತ್ತಿದುದು ಅವರಿಂದಲೇ. 1880ರಲ್ಲಿ ವೈದ್ಯ ವಿದ್ಯಾಭ್ಯಾಸಕ್ಕೆಂದು ಲಂಡನ್ನಿಗೆ ಹೋದರೂ, ಬಿಡದೆ ಕಾಡುತ್ತಿದ್ದ ಜ್ವರದಿಂದಾಗಿ ಅದನ್ನು ಕೈಬಿಡಬೇಕಾಯಿತು. ಅನಂತರ ಕೇಂಬ್ರಿಜಿನ ಕ್ರೈಸ್ಟ್ಸ್ ಕಾಲೇಜಿನಲ್ಲಿ ವಿಜ್ಞಾನವನ್ನು ಅಭ್ಯಸಿಸಿದರು. ಲಾರ್ಡ್ ರ್‍ಯಾಲೆ ಅವರಂತಹ ಶ್ರೇಷ್ಠ ವಿಜ್ಞಾನಿಗಳು ಅಲ್ಲಿ ಅವರಿಗೆ ಗುರುಗಳಾಗಿ ದೊರೆತರು.

1885ರಲ್ಲಿ ಅವರು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರಾಗಿ ನೇಮಕಗೊಂಡರು. ಈ ನೇಮಕ ಸುಲಭವಾಗಿ ಆದುದಲ್ಲ. ಕಾವ್ಯ, ತತ್ತ್ವಶಾಸ್ತ್ರಗಳಲ್ಲಿ ಭಾರತೀಯರು ನಿಪುಣರಾಗಿರಬಹುದು, ಆದರೆ ನಿಖರವಾದ ವಿಜ್ಞಾನಗಳನ್ನು ಬೋಧಿಸಲು ಅವರು ಅರ್ಹರಲ್ಲ ಎಂಬ ನಂಬಿಕೆ ಅಂದಿನ ಆಂಗ್ಲ ಅಧಿಕಾರಿಗಳಲ್ಲಿ ಬಲವಾಗಿದ್ದಿತು. ನೇಮಕವಾದ ಮೇಲೂ ಅವಮಾನ ತಪ್ಪಲಿಲ್ಲ. ಒಂದೇ ಕೆಲಸಕ್ಕೆ ಯೂರೋಪಿಯನ್ ಅಧ್ಯಾಪಕನಿಗೆ ದೊರೆಯುತ್ತಿದ್ದ ಸಂಬಳದ ಮೂರರಲ್ಲಿ ಎರಡು ಪಾಲು ಮಾತ್ರ ಭಾರತೀಯನಿಗೆ ದೊರೆಯುತ್ತಿತ್ತು. ಬೋಸರ ನೇಮಕ ತಾತ್ಕಾಲಿಕವೆಂಬ ಕಾರಣದಿಂದ ಅದರಲ್ಲಿಯೂ ಅರ್ಧವನ್ನು ಕಡಿತಗೊಳಿಸಲಾಯಿತು. ಅಂದರೆ ಅವರ ಪಾಲಿಗೆ ಬಂದುದು ಮೂರನೆಯ ಒಂದು ಭಾಗ.

ಬೋಸರು ರಾಜೀನಾಮೆ ಕೊಡಲಿಲ್ಲ, ಕೂಗಾಡಲಿಲ್ಲ. ಪ್ರತಿದಿನವೂ ಕಾಲೇಜಿಗೆ ಹೋಗಿ ಪಾಠ ಹೇಳಿದರು. ಸಂಬಳವನ್ನು ಮಾತ್ರ ಮುಟ್ಟಲಿಲ್ಲ. ಹೀಗೆ ಒಂದಲ್ಲ, ಎರಡಲ್ಲ, ಮೂರು ವರ್ಷಗಳು ಕಳೆದವು. ಅವರೇನೂ ಸಿರಿವಂತರಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಜನರಿಗೆ ಉಪಕಾರವಾಗಲೆಂದು ತಂದೆಯವರು ಕೈಹಾಕಿದ್ದ ಉದ್ಯಮಗಳು ನಷ್ಟಕ್ಕೊಳಗಾಗಿ ಮನೆಯ ಮೇಲೆ ಸಾಲದ ಹೊರೆ ಬಿದ್ದಿದ್ದಿತು. 1887ರಲ್ಲಿ ಅವರ ವಿವಾಹ ನಡೆಯಿತು. ಪತ್ನಿ ಅಬಲಾದೇವಿಯವರು ಮದರಾಸಿನಲ್ಲಿ ವೈದ್ಯ ವಿದ್ಯೆಯನ್ನು ಕಲಿತಿದ್ದ, ಮುಂದೆ ಸ್ತ್ರೀಶಿಕ್ಷಣಕ್ಕಾಗಿ ಬಹುವಾಗಿ ದುಡಿದ ಮಹಿಳೆ. ಹೆಸರಿಗೆ ಅಬಲೆಯೇ ಹೊರತು ಸ್ವಭಾವದಿಂದಲ್ಲ. ಬಾಡಿಗೆ ಅಗ್ಗವೆಂದು ದಂಪತಿಗಳು ಹೂಗ್ಲಿ ನದಿಯ ಆಚೆಯ ದಡದ ಚಂದ್ರನಗರದಲ್ಲಿ ಮನೆ ಮಾಡಿದರು. ಬೋಸರು ದಿನವೂ ದೋಣಿಯಲ್ಲಿ ನದಿಯನ್ನು ದಾಟಿ ಕಾಲೇಜಿಗೆ ಹೋಗಬೇಕಾಗಿತ್ತು. ಆ ದೋಣಿಯನ್ನು ಅಬಲಾದೇವಿಯವರೇ ಹಿಂದಕ್ಕೆ ನಡೆಸಿಕೊಂಡು ಬರುತ್ತಿದ್ದರೆಂದು ಚರಿತ್ರಕಾರರು ಬರೆದಿದ್ದಾರೆ. ಕೊನೆಗೆ ಈ ಅಧ್ಯಾಪಕನ ಯೋಗ್ಯತೆಯನ್ನು ಕಂಡು ಮೇಲಧಿಕಾರಿಗಳೇ ಮಣಿದರು. ನೇಮಕವು ಖಾಯಂ ಆಯಿತು. ಮೂರು ವರ್ಷಗಳ ಪೂರ್ಣ ಸಂಬಳವು ಒಮ್ಮೆಗೇ ಕೈಸೇರಿತು. ಆ ಹಣ ಹೋದುದು ತಂದೆಯ ಸಾಲಗಾರರಿಗೆ.

ಬೋಸರ ಜೀವನದ ಮುಖ್ಯ ಕಾರ್ಯವು ಆರಂಭವಾದುದು 1894ರಲ್ಲಿ. ತಮ್ಮ ಮೂವತ್ತಾರನೆಯ ಹುಟ್ಟುಹಬ್ಬದಂದು, ಇನ್ನು ಮುಂದೆ ಹೊಸ ಜ್ಞಾನದ ಅನ್ವೇಷಣೆಗೆ ಬಾಳನ್ನು ಮೀಸಲಿಡುವೆನೆಂದು ಅವರು ನಿಶ್ಚಯಿಸಿದರು. ಅವರ ಗಮನವನ್ನು ಸೆಳೆದ ವಿಷಯ ವಿದ್ಯುತ್ಕಾಂತ ತರಂಗ. ಬೆಳಕು ವಿದ್ಯುತ್ತು ಮತ್ತು ಕಾಂತತ್ವಗಳಿಂದ ಉಂಟಾದ ಒಂದು ಬಗೆಯ ಅಲೆಯೆಂದೂ, ಕಣ್ಣಿಗೆ ಕಾಣದ ಅಂತಹ ಅಲೆಗಳು ಇನ್ನೂ ಇರಬೇಕೆಂದೂ ಮ್ಯಾಕ್ಸ್‌ವೆಲ್ ಎಂಬ ವಿಜ್ಞಾನಿಯು ಗಣಿತದ ಬಲದಿಂದ ಮೊದಲೇ ತೋರಿಸಿದ್ದರು. 1887–88ರಲ್ಲಿ ಜರ್ಮನಿಯ ಹರ್ಟ್ಸ್ ಅವರು ಇಂತಹ ಅಲೆಗಳನ್ನು ವಿದ್ಯುತ್ ಕಿಡಿಯಿಂದ ಹುಟ್ಟಿಸಿಯೇ ತೋರಿಸಿದರು. ಆದರೆ ಹರ್ಟ್ಸರ ಅಲೆಗಳು ಉದ್ದವಾದುವು. ಅವುಗಳಲ್ಲಿ ಅತಿ ಚಿಕ್ಕದರ ಉದ್ದವೇ ಸುಮಾರು 66 ಸೆಂಟಿಮೀಟರು. ಇಷ್ಟು ಉದ್ದದ ಅಲೆಗಳೊಡನೆ ಪ್ರಯೋಗ ಮಾಡಲು ದೊಡ್ಡ ದೊಡ್ಡ ಕನ್ನಡಿಗಳೂ ಪಟ್ಟಕಗಳೂ ಬೇಕು. ಕೆರೆಯಲ್ಲಿ ಏಳುವ ದೊಡ್ಡ ಅಲೆಯು ನೀರಿನಲ್ಲಿ ನಿಂತ ಕಡ್ಡಿಯನ್ನು ಲಕ್ಷಿಸದೆ ಸುತ್ತುವರಿದು ಮುಂದೆ ಹೋಗುವುದಷ್ಟೆ. ಅಂತೆಯೇ ಉದ್ದವಾದ ವಿದ್ಯುತ್ ಅಲೆಗಳೂ ಸಣ್ಣ ವಸ್ತುಗಳನ್ನು ಬಳಸಿಕೊಂಡು ಹೋಗಿಬಿಡುತ್ತವೆ. ಬೆಳಕಿನಂತೆ ಅವು ಪ್ರತಿಫಲಿಸುತ್ತವೆಯೇ, ಬಾಗುತ್ತವೆಯೇ ಎಂಬುದನ್ನು ಕೋಣೆಯೊಳಗೆ ನಿಖರವಾಗಿ ಅಳೆಯಬೇಕಾದರೆ ಅಲೆಗಳು ಚಿಕ್ಕವಾಗಬೇಕು.

ಬೋಸರು ಅಲೆಯನ್ನು ಚಿಕ್ಕದಾಗಿಸಿದರು. ಪ್ಲಾಟಿನಂ ಗುಂಡಿನ ಎರಡು ಬದಿಯಲ್ಲಿ ಕಿಡಿ ಹಾರಿಸಿ, ಕೇವಲ 5 ಮಿಲಿಮೀಟರ್ ಉದ್ದದ ಅಲೆಗಳನ್ನು ಪಡೆದರು. ಹೆಸರಿಸುವಂತಹ ಪ್ರಯೋಗಶಾಲೆ ಅವರಿಗೆ ಇರಲಿಲ್ಲ. ಕಾಲೇಜಿನ ಒಂದು ಇಕ್ಕಟ್ಟಾದ ಕೋಣೆಯೇ ಪ್ರಯೋಗಶಾಲೆ. ಓದುಬರಹವಿಲ್ಲದ ತಗಡಿನ ಕೆಲಸಗಾರನೊಬ್ಬನೇ ಸಹಾಯಕ. ಅವನಿಗೆ ತಾವೇ ಕೆಲಸವನ್ನು ಕಲಿಸಿ ಉಪಕರಣಗಳನ್ನು ಮಾಡಿಸಿಕೊಂಡರು. ಅಲೆಗಳನ್ನು ಗುರುತಿಸುವ ಗ್ರಾಹಕವನ್ನು ಅವರು ರೂಪಿಸಿದ ರೀತಿಯು ಸೊಗಸಾಗಿದೆ. ಆ ಕಾಲದಲ್ಲಿ ಗಾಜಿನ ಕೊಳವೆಯಲ್ಲಿ ಲೋಹದ ಪುಡಿಯನ್ನು ತುಂಬಿ ಗ್ರಾಹಕವಾಗಿ ಬಳಸುತ್ತಿದ್ದರು. ಅಲೆ ತಗುಲಿದೊಡನೆ ಪುಡಿಯ ಕಣಗಳು ಒಂದಕ್ಕೊಂದು ಅಂಟಿಕೊಂಡು ವಿದ್ಯುತ್ತು ಹರಿಯುತ್ತಿತ್ತು. ಮುಂದಿನ ಅಲೆಯನ್ನು ಅರಿಯಬೇಕಾದರೆ ಕೊಳವೆಯನ್ನು ತಟ್ಟಿ ಕಣಗಳನ್ನು ಬಿಡಿಸಬೇಕಾಗಿತ್ತು. ಪುಡಿಯ ಬದಲು ಬೋಸರು ಉಕ್ಕಿನ ಸಣ್ಣ ಸುರುಳಿಗಳನ್ನು ಒತ್ತಾಗಿ ಜೋಡಿಸಿ, ತಿರುಪಿನಿಂದ ಅವುಗಳ ಒತ್ತಡವನ್ನು ಬೇಕಾದಂತೆ ಹೊಂದಿಸುವ ಏರ್ಪಾಡನ್ನು ಮಾಡಿದರು.

ಅವರ ಉಪಕರಣಗಳಲ್ಲಿ ಕೆಲವು ನಗು ತರಿಸುವಷ್ಟು ಸರಳವಾದುವು. ಬ್ರಾಡ್‌ಷಾ ಎಂಬ ಹೆಸರಿನ ರೈಲ್ವೆ ವೇಳಾಪಟ್ಟಿಯ ದಪ್ಪ ಪುಸ್ತಕವು ಆಗ ಪ್ರಯಾಣಿಕರ ಕೈಯಲ್ಲಿ ಸಾಮಾನ್ಯವಾಗಿ ಇರುತ್ತಿತ್ತು. ಬೋಸರು ಅದರ ಹಾಳೆಗಳ ನಡುವೆ ತವರದ ತೆಳುವಾದ ರೇಕುಗಳನ್ನು ಇರಿಸಿದರು. ಆ ಪುಸ್ತಕವನ್ನು ಒಂದು ರೀತಿಯಲ್ಲಿ ಹಿಡಿದರೆ ವಿದ್ಯುತ್ ಕಿರಣವು ಅದರ ಮೂಲಕ ಹಾಯ್ದುಹೋಗುತ್ತಿತ್ತು. ಕಾಲು ಸುತ್ತು ತಿರುಗಿಸಿ ಹಿಡಿದರೆ ತಡೆದು ನಿಲ್ಲುತ್ತಿತ್ತು. ಬೆಳಕಿನ ವಿಷಯದಲ್ಲಿ ಧ್ರುವೀಕರಣವೆಂದು ಕರೆಯುವ ಗುಣವು ಕಾಣದ ಕಿರಣಕ್ಕೂ ಉಂಟೆಂಬುದನ್ನು ರೈಲಿನ ವೇಳಾಪಟ್ಟಿಯು ತೋರಿಸಿಕೊಟ್ಟಿತು. ಬಂಗಾಳದ ಹೊಲಗಳಲ್ಲಿ ಹೇರಳವಾಗಿ ಬೆಳೆಯುವ ಸೆಣಬೂ ಇದೇ ಬಗೆಯ ಪರೀಕ್ಷೆಗೆ ಒದಗಿತು. ಸೆಣಬಿನ ನಾರಿನ ಕಂತೆಗಳನ್ನು ಹುರಿಮಾಡಿ ಕಿರಣದ ಹಾದಿಯಲ್ಲಿ ಇರಿಸಿದರೆ, ಹುರಿಯು ಎಡಕ್ಕಿದ್ದಂತೆ, ಬಲಕ್ಕಿದ್ದಂತೆ ಕಿರಣದ ಕಂಪನದ ದಿಕ್ಕೂ ತಿರುಗುವುದೆಂದು ಅವರು ಕಂಡುಕೊಂಡರು. 1895ರ ಮೇ ತಿಂಗಳಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಮುಂದೆ ಅವರ ಮೊದಲ ಸಂಶೋಧನ ಪ್ರಬಂಧವು ಮಂಡಿತವಾಯಿತು. ಮರುವರ್ಷ ಲಂಡನ್ ವಿಶ್ವವಿದ್ಯಾನಿಲಯವು ಅವರಿಗೆ ಡಾಕ್ಟರ್ ಪದವಿಯನ್ನಿತ್ತಿತು.

ಅದೇ ಕಾಲದಲ್ಲಿ ಕಲ್ಕತ್ತೆಯ ನಾಗರಿಕರ ಮುಂದೆ ಅವರು ನಡೆಸಿದ ಒಂದು ಪ್ರದರ್ಶನವು ಬಹಳ ಪ್ರಸಿದ್ಧವಾಯಿತು. ಸಭೆಯ ಅಧ್ಯಕ್ಷತೆಯನ್ನು ವಹಿಸಿದ್ದವರು ಬಂಗಾಳದ ಲೆಫ್ಟಿನೆಂಟ್ ಗವರ್ನರರು. ಉಪನ್ಯಾಸದ ಕೋಣೆಯಿಂದ ಹೊರಟ ಅಲೆಗಳು ಅಧ್ಯಕ್ಷರ ಸ್ಥೂಲ ದೇಹವನ್ನೂ ಮೂರು ಗೋಡೆಗಳನ್ನೂ ದಾಟಿ 75 ಅಡಿ ದೂರದ ಬೇರೊಂದು ಕೋಣೆಯನ್ನು ತಲುಪಿದವು. ಅಲ್ಲಿ ಗಂಟೆ ಬಾರಿಸಿತು, ಪಿಸ್ತೂಲು ಹಾರಿತು, ಮದ್ದಿನ ಚಿಕ್ಕ ಗುಡ್ಡೆಯು ಸಿಡಿಯಿತು. ನಡುವೆ ಒಂದೆಳೆ ತಂತಿಯೂ ಇರಲಿಲ್ಲ.

1896ರಲ್ಲಿ ಬೋಸರು ಇಂಗ್ಲೆಂಡಿಗೆ ತೆರಳಿ, ಲಿವರ್‌ಪೂಲಿನಲ್ಲಿ ಸೇರಿದ ವಿಜ್ಞಾನಿಗಳ ಸಭೆಯಲ್ಲಿ ತಮ್ಮ ಉಪಕರಣಗಳನ್ನು ತೋರಿಸಿದರು. ವೃದ್ಧರಾದ ಲಾರ್ಡ್ ಕೆಲ್ವಿನ್ ಅವರು ಕಾಲುನೋವನ್ನೂ ಲೆಕ್ಕಿಸದೆ ಕುಂಟುತ್ತ ಮಹಡಿಯ ಮೆಟ್ಟಿಲನ್ನು ಹತ್ತಿ ಹೋಗಿ, ಅಲ್ಲಿ ಕುಳಿತಿದ್ದ ಅಬಲಾದೇವಿಯವರಿಗೆ ಪತಿಯ ಸಾಧನೆಗಾಗಿ ಅಭಿನಂದನೆ ಹೇಳಿದರು. 1897ರ ಜನವರಿ 29ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅವರ ಉಪನ್ಯಾಸ ನಡೆಯಿತು. ಇಟಲಿಯ ತರುಣ ಮಾರ್ಕೋನಿ ಸಹ ಆಗ ಇಂಗ್ಲೆಂಡಿನಲ್ಲಿಯೇ ಇದ್ದು, ಅಂಚೆ ಇಲಾಖೆಯ ಬೆಂಬಲದಿಂದ ನಿಸ್ತಂತು ಸಂದೇಶಗಳ ಪ್ರಯೋಗದಲ್ಲಿ ತೊಡಗಿದ್ದರು.

ರೇಡಿಯೊವನ್ನು ಕಂಡುಹಿಡಿದವರು ಬೋಸರೇ, ಮಾರ್ಕೋನಿಯವರು ಅದನ್ನು ಅಪಹರಿಸಿದರು ಎಂದು ಕೆಲವರು ಹೇಳುವುದುಂಟು. ಅಭಿಮಾನದಿಂದ ಆಡಿದ ಈ ಮಾತು ಸತ್ಯಕ್ಕೆ ದೂರವಾದುದು. ಇಬ್ಬರ ಗುರಿಗಳೂ ಬೇರೆ ಬೇರೆ. ಮಾರ್ಕೋನಿಯವರಿಗೆ ಬೇಕಾಗಿದ್ದುದು ದೂರ. ಅವರು ಉದ್ದವಾದ ಅಲೆಗಳನ್ನು ಬಳಸಿ, ಎತ್ತರದ ತಂತಿಗಳನ್ನು ನಿಲ್ಲಿಸಿ, ಮೈಲಿ ಮೈಲಿಯಾಗಿ ಸಂದೇಶವನ್ನು ಮುಂದೊಯ್ದರು. ಬೋಸರಿಗೆ ಬೇಕಾಗಿದ್ದುದು ಅಲೆಯ ಸ್ವರೂಪದ ತಿಳಿವಳಿಕೆ. ಅವರು ಆರಿಸಿಕೊಂಡ ಚಿಕ್ಕ ಅಲೆಗಳು ಬೆಳಕಿನಂತೆ ನೇರವಾಗಿ ಚಲಿಸುವಂಥವು, ಅಂದಿನ ಉಪಕರಣಗಳಿಂದ ಅವುಗಳನ್ನು ಸಾಗರದಾಚೆಗೆ ಕಳುಹಿಸಲು ಸಾಧ್ಯವೇ ಇರಲಿಲ್ಲ. ಆದರೆ ಒಂದು ಸಂಗತಿಯನ್ನು ಮರೆಯುವಂತಿಲ್ಲ. ತಟ್ಟದೆಯೇ ತಾನಾಗಿ ಮೊದಲಿನ ಸ್ಥಿತಿಗೆ ಮರಳುವ, ಪಾದರಸ ಮತ್ತು ಕಬ್ಬಿಣಗಳಿಂದ ಮಾಡಿದ ಗ್ರಾಹಕವನ್ನು ಬೋಸರು 1899ರಲ್ಲಿಯೇ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ವಿವರಿಸಿದ್ದರು. 1901ರ ಡಿಸೆಂಬರ್ 12ರಂದು ಮಾರ್ಕೋನಿಯವರು ಅಟ್ಲಾಂಟಿಕ್ ಸಾಗರವನ್ನು ದಾಟಿ ಬಂದ ಸಂಕೇತವನ್ನು ನ್ಯೂಫೌಂಡ್‌ಲ್ಯಾಂಡಿನಲ್ಲಿ ಆಲಿಸಿದಾಗ ಬಳಸಿದ್ದುದು ಪಾದರಸದ ಗ್ರಾಹಕವನ್ನೇ. ಅದರ ಮೂಲ ಬೋಸರ ಪ್ರಬಂಧವೆಂದು 1998ರಲ್ಲಿ ಒಬ್ಬ ಸಂಶೋಧಕರು ವಾದಿಸಿದರು. ಎಲ್ಲ ಇತಿಹಾಸಕಾರರೂ ಇದನ್ನು ಒಪ್ಪಿಲ್ಲವಾದರೂ ಆ ವಾದವನ್ನು ತಳ್ಳಿಹಾಕಿಯೂ ಇಲ್ಲ.

ಆ ವರ್ಷದ ಮೇ ತಿಂಗಳಿನಲ್ಲಿ ನಡೆದ ಒಂದು ಪ್ರಸಂಗವು ಬೋಸರ ಸ್ವಭಾವಕ್ಕೆ ಕನ್ನಡಿಯಾಗಿದೆ. ಅವರು ಮತ್ತೆ ಲಂಡನ್ನಿನಲ್ಲಿ ಉಪನ್ಯಾಸಕ್ಕೆ ಸಿದ್ಧರಾಗುತ್ತಿದ್ದರು. ಉಪನ್ಯಾಸಕ್ಕೆ ಸ್ವಲ್ಪ ಮುಂಚೆ ಒಂದು ತಂತಿ ಕಂಪನಿಯ ಒಡೆಯರಾದ ಕೋಟ್ಯಧೀಶರೊಬ್ಬರು ಆತುರದಿಂದ ಬಂದು ಅವರನ್ನು ಕಂಡರು. ಹೊಸ ಗ್ರಾಹಕದ ವಿವರಗಳನ್ನು ಸಭೆಯಲ್ಲಿ ಬಯಲು ಮಾಡಬಾರದೆಂದೂ, ಮೊದಲು ಪೇಟೆಂಟ್ ಪಡೆಯಬೇಕೆಂದೂ, ಖರ್ಚನ್ನೆಲ್ಲ ತಾವು ವಹಿಸಿ ಲಾಭದಲ್ಲಿ ಪಾಲು ಪಡೆಯುವುದಾಗಿಯೂ ಹೇಳಿದರು. ಅವರ ಕೈಯಲ್ಲಿ ಪೇಟೆಂಟಿನ ಅರ್ಜಿಯೂ ಸಿದ್ಧವಾಗಿತ್ತು. ಬೋಸರು ಒಪ್ಪಲಿಲ್ಲ. ಅಷ್ಟು ಸಂಪತ್ತುಳ್ಳವರು ಇನ್ನಷ್ಟು ಸಂಪತ್ತಿಗಾಗಿ ಹೀಗೆ ಅಂಗಲಾಚುವುದನ್ನು ಕಂಡು ಅವರ ಮನಸ್ಸಿಗೆ ನೋವಾಯಿತು. ಆ ಬಲೆಯೊಳಗೆ ಒಮ್ಮೆ ಸಿಲುಕಿದರೆ ಹೊರಬರುವ ದಾರಿಯಿಲ್ಲವೆಂದು ತಮ್ಮ ಆಪ್ತಮಿತ್ರ ರವೀಂದ್ರನಾಥ ಠಾಕೂರರಿಗೆ ಪತ್ರ ಬರೆದು ತಿಳಿಸಿದರು.

ಅವರ ಹಿತೈಷಿಗಳಿಗೆ ಇದು ಸರಿಕಾಣಲಿಲ್ಲ. ಸೋದರಿ ನಿವೇದಿತಾ ಮತ್ತು ಅಮೆರಿಕದ ಶ್ರೀಮತಿ ಸಾರಾ ಬುಲ್ ಅವರು ಬಹುವಾಗಿ ಒತ್ತಾಯಿಸಿದರು. ಅದರ ಫಲವಾಗಿ, ಸೀಸದ ಅದಿರಾದ ಗೆಲೀನಾ ಹರಳನ್ನು ಬಳಸುವ ಗ್ರಾಹಕಕ್ಕೆ ಅಮೆರಿಕದಲ್ಲಿ 1901ರ ಸೆಪ್ಟೆಂಬರಿನಲ್ಲಿ ಅರ್ಜಿ ಸಲ್ಲಿಸಲಾಯಿತು. 1904ರ ಮಾರ್ಚ್ 29ರಂದು ಪೇಟೆಂಟ್ ದೊರೆಯಿತು. ಅರೆವಾಹಕ ವಸ್ತುವಿನಿಂದ ಮಾಡಿದ ಉಪಕರಣಗಳಿಗೆ ದೊರೆತ ಪೇಟೆಂಟುಗಳಲ್ಲಿ ಇದೇ ಮೊದಲನೆಯದೆಂದು ಪರಿಗಣಿಸಲಾಗಿದೆ. ಟ್ರಾನ್ಸಿಸ್ಟರ್ ಹುಟ್ಟಿದುದು 1947ರಲ್ಲಿ ಎಂಬುದನ್ನು ನೆನೆದರೆ ಇದರ ಮಹತ್ವವು ಮನವರಿಕೆಯಾದೀತು. ಬೋಸರಾದರೋ ಅದರಿಂದ ಒಂದು ಕಾಸನ್ನೂ ಗಳಿಸಲಿಲ್ಲ; ಪೇಟೆಂಟನ್ನು ಉಳಿಸಿಕೊಳ್ಳುವ ಗೋಜಿಗೂ ಹೋಗಲಿಲ್ಲ. 1920ರ ದಶಕದಲ್ಲಿ ಗೆಲೀನಾ ಹರಳಿನ ರೇಡಿಯೊಗಳು ದೇಶದೇಶಗಳಲ್ಲಿ ಮನೆಮಾತಾದಾಗ ಅದರ ಲಾಭವು ಬೇರೆಯವರದಾಯಿತು. ಬೋಸರ ನಿರ್ಧಾರವು ಸರಿಯೇ ಎಂಬುದು ಕೇಳಬೇಕಾದ ಪ್ರಶ್ನೆ. ಆ ಹಣದಿಂದ ಅವರೇ ಉತ್ತಮ ಪ್ರಯೋಗಶಾಲೆಯನ್ನು ಕಟ್ಟಬಹುದಾಗಿತ್ತು, ಅವರ ಹೆಸರು ನಿಸ್ತಂತುವಿನ ಇತಿಹಾಸದಲ್ಲಿ ಬಹುಕಾಲ ಮರೆಯಾಗಿ ಹೋಗುತ್ತಿರಲಿಲ್ಲ ಎಂಬ ಮಾತಿನಲ್ಲಿ ಹುರುಳಿದೆ. ಆದರೆ ಅನ್ಯಾಯದ ಸಂಬಳವನ್ನು ಮೂರು ವರ್ಷ ಮುಟ್ಟದೆ ಉಳಿದ ವ್ಯಕ್ತಿಯಿಂದ ಬೇರೆ ನಡತೆಯನ್ನು ನಿರೀಕ್ಷಿಸುವುದು ಕಷ್ಟ.

ಬೋಸರು ನಿಸ್ತಂತುವಿನ ಕ್ಷೇತ್ರವನ್ನು ತೊರೆದುದಕ್ಕೆ ಅವರ ಗ್ರಾಹಕಗಳೇ ಕಾರಣ. ಎಡೆಬಿಡದೆ ಬಳಸಿದರೆ ಅವು ಮಂದವಾಗುತ್ತಿದ್ದವು. ಕೆಲಕಾಲ ಬಿಟ್ಟರೆ ಮತ್ತೆ ಚುರುಕಾಗುತ್ತಿದ್ದವು. ಲೋಹಕ್ಕೂ ದಣಿವುಂಟೇ ಎಂದು ಬೋಸರು ಯೋಚಿಸಿದರು. ಆ ಯೋಚನೆಯು ಅವರನ್ನು ಲೋಹದಿಂದ ಸಸ್ಯಗಳೆಡೆಗೆ ಕರೆದೊಯ್ದಿತು. ಮುಟ್ಟಿದರೆ ಮುದುಡುವ ನಾಚಿಕೆ ಮುಳ್ಳು, ತಂತಾನೆ ಎಲೆಗಳನ್ನು ಆಡಿಸುವ ಟೆಲಿಗ್ರಾಫ್ ಗಿಡ ಇವೆರಡೂ ಅವರ ಪ್ರಯೋಗಶಾಲೆಯ ಮುಖ್ಯ ಸಾಕ್ಷಿಗಳಾದವು. ಸಸ್ಯದ ಬೆಳವಣಿಗೆಯನ್ನು ಸಾವಿರಾರು ಪಾಲು ಹಿಗ್ಗಿಸಿ ತೋರಿಸುವ ಕ್ರೆಸ್ಕೋಗ್ರಾಫ್ ಎಂಬ ಯಂತ್ರವನ್ನು ಅವರು ನಿರ್ಮಿಸಿದರು. ಸಸ್ಯಗಳ ಕುರಿತ ಅವರ ಎಲ್ಲ ತೀರ್ಮಾನಗಳನ್ನು ವಿಜ್ಞಾನ ಲೋಕವು ಅಂಗೀಕರಿಸಲಿಲ್ಲ. 1901ರಲ್ಲಿ ಇಂಗ್ಲೆಂಡಿನ ಶರೀರವಿಜ್ಞಾನಿಗಳು ವಿರೋಧಿಸಿದುದರಿಂದ ಅವರ ಪ್ರಬಂಧವೊಂದು ಪ್ರಕಟವಾಗದೆ ಉಳಿಯಿತು. ಸಸ್ಯಗಳಲ್ಲಿ ವಿದ್ಯುತ್ ಸಂಕೇತಗಳು ಸಂಚರಿಸುತ್ತವೆಂಬ ಅವರ ಮುಖ್ಯ ವಿಚಾರವಾದರೋ ಇಂದು ಸ್ಥಿರಪಟ್ಟಿದೆ.

ಅಧ್ಯಾಪಕ ವೃತ್ತಿಯಿಂದ 1915ರಲ್ಲಿ ನಿವೃತ್ತರಾದ ಬೋಸರು, ತಮ್ಮ ಐವತ್ತೊಂಬತ್ತನೆಯ ಹುಟ್ಟುಹಬ್ಬವಾದ 1917ರ ನವೆಂಬರ್ 30ರಂದು ಬಸು ವಿಜ್ಞಾನ ಮಂದಿರವನ್ನು ಸ್ಥಾಪಿಸಿದರು. ಅಲ್ಲಿ ನಡೆಯುವ ಸಂಶೋಧನೆಗಳಿಗೆ ಪೇಟೆಂಟ್ ಪಡೆಯುವುದಿಲ್ಲ, ಅವು ಎಲ್ಲರ ಸ್ವತ್ತು ಎಂದು ಅಂದೇ ಸಾರಿದರು. ಇಂಗ್ಲೆಂಡಿನ ರಾಯಲ್ ಸೊಸೈಟಿಯು 1920ರಲ್ಲಿ ಅವರನ್ನು ಸದಸ್ಯರನ್ನಾಗಿ ಆರಿಸಿತು. 1937ರ ನವೆಂಬರ್ 23ರಂದು, ಎಪ್ಪತ್ತೊಂಬತ್ತು ತುಂಬಲು ಒಂದು ವಾರವಿರುವಾಗ, ಅವರು ಗಿರಿಡಿಯಲ್ಲಿ ನಿಧನರಾದರು.

ಐದು ಮಿಲಿಮೀಟರಿನ ಅಲೆಗಳು ಬಹುಕಾಲ ಯಾರಿಗೂ ಬೇಡವಾಗಿದ್ದವು. ಅವುಗಳ ಉಪಯೋಗ ತಿಳಿದುಬಂದುದು ಬೋಸರ ಮರಣದ ತರುವಾಯ. ಇಂದು ಮೋಟಾರು ವಾಹನಗಳ ರೇಡಾರಿನಲ್ಲಿಯೂ, ಹೊಸ ತಲೆಮಾರಿನ ದೂರಸಂಪರ್ಕದಲ್ಲಿಯೂ ಇದೇ ಬಗೆಯ ಮಿಲಿಮೀಟರ್ ಅಲೆಗಳು ಕೆಲಸ ಮಾಡುತ್ತಿವೆ. ಅಮೆರಿಕದ ಅರಿಜೋನದಲ್ಲಿ ನಕ್ಷತ್ರಲೋಕದಿಂದ ಬರುವ ಮಿಲಿಮೀಟರ್ ಅಲೆಗಳನ್ನು ಹಿಡಿಯಲು ಇದ್ದ 12 ಮೀಟರ್ ದೂರದರ್ಶಕಕ್ಕೆ 1990ರ ದಶಕದಲ್ಲಿ ಹೊಸ ಗ್ರಾಹಕವೊಂದನ್ನು ರಚಿಸುವಾಗ, ಅಲ್ಲಿನ ಎಂಜಿನಿಯರುಗಳು ಬೋಸರ 1897ರ ಬರಹಗಳಲ್ಲಿದ್ದ ಉಪಾಯಗಳನ್ನು ಅಳವಡಿಸಿಕೊಂಡರು. ಪ್ರೆಸಿಡೆನ್ಸಿ ಕಾಲೇಜು ಈಗ ವಿಶ್ವವಿದ್ಯಾನಿಲಯವಾಗಿದೆ. ಅಲ್ಲಿ ನಡೆದ ಮಿಲಿಮೀಟರ್ ಅಲೆಗಳ ಮೊದಲ ಪ್ರಯೋಗಗಳ ನೆನಪಿಗಾಗಿ, ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ಸ್ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆಯು 2012ರ ಸೆಪ್ಟೆಂಬರಿನಲ್ಲಿ ಒಂದು ಫಲಕವನ್ನು ಸ್ಥಾಪಿಸಿತು.